ಎಲ್ಲವನ್ನೂ ಜೀರ್ಣಿಸುವ ಲೈಸೋಸೋಮ್ ತನ್ನನ್ನೇ ಯಾಕೆ ಜೀರ್ಣಿಸಿಕೊಳ್ಳಲ್ಲ?

ಮಗಳ_ಹೋಂವರ್ಕ್
ನಿನ್ನೆ ರಾತ್ರಿ ಮಗಳಿಗೆ ಜೀವಕೋಶದ ಪಾಠ ಹೇಳಿಕೊಡೋಕೆ ಕೂತಿದ್ದೆ. ಕೋಶಕೇಂದ್ರ, ಮೈಟೊಕಾಂಡ್ರಿಯ, ಗಾಲ್ಗಿ ಎಲ್ಲಾ ದಾಟಿ ಲೈಸೋಸೋಮ್‌ಗೆ ಬಂದ್ವಿ. "ಇದರೊಳಗೆ ಜೀರ್ಣಕಾರಿ ಕಿಣ್ವಗಳಿವೆ, ಪ್ರೋಟೀನು, ಕೊಬ್ಬು, ಸಕ್ಕರೆಯ ಸರಪಳಿ ಎಲ್ಲವನ್ನೂ ಒಡೆದುಹಾಕುತ್ತವೆ" ಅಂತ ಓದಿ ಮುಗಿಸಿರಲಿಲ್ಲ, ಅವಳು ಕೇಳಿದ್ಲು: "ಆ ಚೀಲ ಯಾವುದರಿಂದ ಆಗಿದ್ದು? ಅದೂ ಕೊಬ್ಬು, ಪ್ರೋಟೀನೇ ತಾನೆ? ಮತ್ತೆ ಅದನ್ನೇ ಯಾಕೆ ತಿನ್ನಲ್ಲ?"

ನಾನು ಕಾಮರ್ಸ್ ಓದಿದವನು. ಪುಸ್ತಕದಲ್ಲಿ "ಆತ್ಮಹತ್ಯಾ ಸಂಚಿ" ಅಂತ ಒಂದು ಹೆಸರಿದೆಯೇ ಹೊರತು ಇದಕ್ಕೆ ಉತ್ತರ ಇಲ್ಲ. ತಿಳಿದವರು ಸ್ವಲ್ಪ ಹೇಳಿ.

ಹಳೇಮೇಷ್ಟ್ರು
ಮೊದಲು ಮಗಳಿಗೆ ಶಹಬ್ಬಾಸ್ ಅಂತ ಹೇಳಿ. ಮೂವತ್ತು ವರ್ಷ ಈ ಪಾಠ ಮಾಡಿದ್ದೇನೆ, ಈ ಪ್ರಶ್ನೆ ಕೇಳಿದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು.

ನಾನು ಹೇಳುತ್ತಿದ್ದ ಉತ್ತರ ಇಷ್ಟೇ: ಆ ಕಿಣ್ವಗಳಿಗೆ ಹುಳಿ ಬೇಕು, ಅಂದರೆ ಆಮ್ಲ. ಚೀಲದ ಒಳಗೆ ಆಮ್ಲ ಇದೆ, ಹೊರಗೆ ಇಲ್ಲ. ಹಾಗಾಗಿ ಒಳಗೆ ಕೆಲಸ ಮಾಡುತ್ತವೆ, ಹೊರಗೆ ಬಂದರೆ ಸುಮ್ಮನಾಗುತ್ತವೆ.

ಮಗಳ_ಹೋಂವರ್ಕ್
ಮೇಷ್ಟ್ರೇ, ಧನ್ಯವಾದ. ಆದರೆ ಅವಳು ಪಕ್ಕದಲ್ಲೇ ಕೂತು ಇದನ್ನ ಓದಿ, "ಚೀಲದ ಒಳಗೋಡೆ ಇರೋದು ಆಮ್ಲದ ಕಡೆಗೇ ಅಲ್ವಾ?" ಅಂತಿದಾಳೆ.

ಲ್ಯಾಬ್‌ಕೋಟು
ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಮೇಷ್ಟ್ರು ಹೇಳಿದ್ದು ಕೋಶದ ಉಳಿದ ಭಾಗ ಯಾಕೆ ಕ್ಷೇಮವಾಗಿದೆ ಅನ್ನೋದಕ್ಕೆ ಉತ್ತರ. ಚೀಲ ಯಾಕೆ ಕ್ಷೇಮ ಅನ್ನೋದು ಬೇರೆ ಪ್ರಶ್ನೆ.

ಲೈಸೋಸೋಮ್‌ಗೆ ಒಂದೇ ಪದರದ ಪೊರೆ. ಆ ಪೊರೆಯಲ್ಲಿ ನೆಟ್ಟಿರುವ ಪ್ರೋಟೀನುಗಳ ಬಹುಭಾಗ ಒಳಮುಖವಾಗಿ ಚಾಚಿಕೊಂಡಿರುತ್ತೆ, ಮತ್ತು ಅವುಗಳ ಮೈತುಂಬ ಸಕ್ಕರೆಯ ಕೊಂಬೆಗಳು. ಒತ್ತೊತ್ತಾಗಿ ನಿಂತ ಈ ಕೊಂಬೆಗಳು ಒಳಗೋಡೆಗೆ ದಪ್ಪ ಹೊದಿಕೆ ಹೊದಿಸಿದ ಹಾಗೆ. ಕಿಣ್ವ ಬಂದು ಕಚ್ಚಬೇಕಾದ್ದು ಪ್ರೋಟೀನಿನ ಸರಪಳಿಯನ್ನು, ಆದರೆ ಅದಕ್ಕೆ ಸಿಗೋದು ಸಕ್ಕರೆಯ ಪೊದೆ. ಅಲ್ಲೇ ತಡವರಿಸುತ್ತೆ. ಪೂರ್ತಿ ಅಭೇದ್ಯ ಅಂತಲ್ಲ. ಪೊರೆಯ ಪ್ರೋಟೀನುಗಳೂ ನಿಧಾನಕ್ಕೆ ಸವೆಯುತ್ತವೆ, ಕೋಶ ಹೊಸದನ್ನು ತಂದು ಸೇರಿಸ್ತಾ ಇರುತ್ತೆ. ಅಂದರೆ ತನ್ನನ್ನು ತಾನು ತಿಂದುಕೊಳ್ಳಲ್ಲ ಅನ್ನೋದಕ್ಕಿಂತ, ತಿನ್ನೋ ವೇಗಕ್ಕಿಂತ ರಿಪೇರಿ ವೇಗ ಹೆಚ್ಚು ಅನ್ನೋದು ಸರಿ.

ಆಮ್ಲದ ಲೆಕ್ಕವನ್ನೂ ಹೇಳಿಬಿಡ್ತೀನಿ. ಹೊರಗಿನ ಕೋಶರಸದ ಪಿಎಚ್ ಸುಮಾರು 7.2. ಲೈಸೋಸೋಮ್ ಒಳಗೆ 4.5ರಿಂದ 5. ಅಂಕ ಇಳಿದಷ್ಟೂ ಆಮ್ಲ ಹೆಚ್ಚು. ಎರಡೂವರೆ ಅಂಕ ಅಷ್ಟೇ ಅನ್ಸುತ್ತೆ, ಆದರೆ ಪಿಎಚ್‌ನಲ್ಲಿ ಒಂದೊಂದು ಅಂಕವೂ ಹತ್ತು ಪಟ್ಟು. ಹಾಗಾಗಿ ಒಳಗೆ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಹೊರಗಿಗಿಂತ ಸುಮಾರು 300 ಪಟ್ಟು ಜಾಸ್ತಿ. ಇದು ತಾನಾಗಿ ಆಗೋದಲ್ಲ. ಪೊರೆಯಲ್ಲಿರೋ ಪಂಪು ಎಟಿಪಿ (ಕೋಶ ಶಕ್ತಿಗಾಗಿ ಖರ್ಚು ಮಾಡೋ ಅಣು) ಖರ್ಚು ಮಾಡಿ ಹಗಲೂ ರಾತ್ರಿ ಅಯಾನುಗಳನ್ನು ಒಳಗೆ ತುಂಬ್ತಾ ಇರುತ್ತೆ.

ಬಿಎಸ್ಸಿ_ಹುಡುಗ
ಮೇಡಂ, ಹಾಗಾದ್ರೆ ಆತ್ಮಹತ್ಯಾ ಸಂಚಿ ಅನ್ನೋದು ಸುಳ್ಳಾ? ಲೈಸೋಸೋಮ್ ಒಡೆದು ಕೋಶ ಸಾಯುತ್ತೆ, ಗೊದಮೊಟ್ಟೆಯ ಬಾಲ ಕರಗೋದು ಅದಕ್ಕೇ, ಅಂತ ನಾನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತಗೊಂಡಿದೀನಿ.

ಲ್ಯಾಬ್‌ಕೋಟು
ಅಂಕ ವಾಪಸ್ ಕೊಡಬೇಕಾಗಿಲ್ಲ, ಇಟ್ಕೊಳ್ಳಿ :)

ಒಂದೆರಡು ಲೈಸೋಸೋಮ್ ಒಡೆದರೆ ಕೋಶಕ್ಕೆ ಏನೂ ಆಗಲ್ಲ. ಸೋರಿದ ಕಿಣ್ವ ಕೋಶರಸದಲ್ಲಿ ತೆಳುವಾಗುತ್ತೆ, ಆಮ್ಲ ಇಲ್ಲದೆ ಮಂಕಾಗುತ್ತೆ. ಒಟ್ಟಿಗೆ ಬಹಳಷ್ಟು ಒಡೆದರೆ ಮಾತ್ರ ಕೋಶ ಸಾಯಬಹುದು, ಯಾಕಂದ್ರೆ ಕೆಲವು ಕಿಣ್ವಗಳಿಗೆ ಆಮ್ಲ ಇಲ್ಲದೆಯೂ ಸ್ವಲ್ಪ ಹೊತ್ತು ಹಲ್ಲಿರುತ್ತೆ. ಆದರೆ ಕೋಶ ತಾನಾಗಿ, ಕ್ರಮವಾಗಿ ಸಾಯೋದು ಅಂತ ನಿರ್ಧರಿಸಿದಾಗ ಮುಂದಾಳು ಸಾಮಾನ್ಯವಾಗಿ ಲೈಸೋಸೋಮ್ ಅಲ್ಲ, ಮೈಟೊಕಾಂಡ್ರಿಯ. ಅದರ ಹೊರಪೊರೆ ತೂತಾಗಿ ಸೈಟೋಕ್ರೋಮ್ ಸಿ ಅನ್ನೋ ಪ್ರೋಟೀನು ಹೊರಬಂದರೆ, ಕ್ಯಾಸ್ಪೇಸ್ ಅನ್ನೋ ಕಿಣ್ವಗಳ ಪಡೆ ಎಚ್ಚರಗೊಂಡು ಕೋಶವನ್ನು ಒಳಗಿಂದ ಕಳಚುತ್ತೆ. ಗೊದಮೊಟ್ಟೆಯ ಬಾಲದಲ್ಲೂ ಈ ಕ್ರಮಬದ್ಧ ಸಾವು ನಡೆಯುತ್ತೆ. ಕಳಚಿದ್ದನ್ನು ಅರಗಿಸೋದರಲ್ಲಿ ಲೈಸೋಸೋಮ್ ಕಿಣ್ವಗಳ ಪಾಲು ದೊಡ್ಡದು, ಹಾಗಾಗಿ ನಿಮ್ಮ ಉತ್ತರ ಅರ್ಧ ಸರಿ.

ತಮಾಷೆ ನೋಡಿ: ಶಕ್ತಿಕೇಂದ್ರ ಅಂತ ಹೆಸರು ಪಡೆದದ್ದರ ಕೈಯಲ್ಲಿ ಸಾವಿನ ಗುಂಡಿ, ಆತ್ಮಹತ್ಯಾ ಸಂಚಿ ಅಂತ ಹೆಸರು ಪಡೆದದ್ದು ದಿನವಿಡೀ ಮಾಡೋದು ಕಸ ವಿಂಗಡಣೆ. ಹಳೆಯ ಸಾಮಾನು ಒಡೆದು, ಉಪಯೋಗಕ್ಕೆ ಬರೋ ಅಮೈನೋ ಆಮ್ಲ, ಸಕ್ಕರೆಗಳನ್ನು ಕೋಶಕ್ಕೆ ಹಿಂತಿರುಗಿಸೋದು.

ಹಳೇಮೇಷ್ಟ್ರು
ಅಡ್ಡಹೆಸರುಗಳ ಮೇಲೆ ನಿಮಗೆ ಸಿಟ್ಟಿದ್ದಂತಿದೆ. ಆದರೆ ಮಕ್ಕಳಿಗೆ ಹತ್ತು ಕಣದಂಗಗಳನ್ನು, ಅಂದರೆ ಕೋಶದೊಳಗಿನ ಪುಟ್ಟ ಅಂಗಗಳನ್ನು, ಒಂದೇ ವಾರದಲ್ಲಿ ಪರಿಚಯಿಸಬೇಕು. ಹೆಸರಿಗೊಂದು ಕೊಕ್ಕೆ ಬೇಕು, ಇಲ್ಲದಿದ್ದರೆ ತಲೆಯಲ್ಲಿ ನಿಲ್ಲುವುದಿಲ್ಲ. ಶಕ್ತಿಕೇಂದ್ರ ಅಂದರೆ ಮೈಟೊಕಾಂಡ್ರಿಯ ನೆನಪಾಗುತ್ತದೆ, ಅಷ್ಟಾದರೆ ಮೊದಲ ಮೆಟ್ಟಿಲು ಆಯಿತಲ್ಲ.

ಲ್ಯಾಬ್‌ಕೋಟು
ಸಿಟ್ಟಿಲ್ಲ ಸರ್. ಕೊಕ್ಕೆ ಬೇಕು, ಒಪ್ಪಿದೆ. ನನ್ನ ತಕರಾರು ಒಂದೇ. ಅಡ್ಡಹೆಸರು ಸಿಕ್ಕ ತಕ್ಷಣ ಪ್ರಶ್ನೆ ನಿಂತುಹೋಗುತ್ತೆ. "ಶಕ್ತಿಕೇಂದ್ರ" ಅಂದವರು "ಅದಕ್ಕೆ ಎರಡು ಪೊರೆ ಯಾಕೆ?" ಅಂತ ಕೇಳಲ್ಲ. ಇಡೀ ಪಾಠದ ಜೀವ ಇರೋದೇ ಆ ಪೊರೆಗಳಲ್ಲಿ. ಒಂದೇ ಕೋಶದೊಳಗೆ ಒಂದು ಕಡೆ ಕಟ್ಟೋ ಕೆಲಸ, ಇನ್ನೊಂದು ಕಡೆ ಒಡೆಯೋ ಕೆಲಸ, ಎರಡೂ ಏಕಕಾಲಕ್ಕೆ. ನಡುವೆ ಗೋಡೆ ಇಲ್ಲದಿದ್ದರೆ ಸಾಧ್ಯವೇ ಇಲ್ಲ. ಈ ಹುಡುಗಿ ಕೇಳಿದ್ದು ಗೋಡೆಯ ಬಗ್ಗೆ, ಅದಕ್ಕೇ ನನಗೆ ಖುಷಿಯಾಗಿದ್ದು.

ನಂಬದವ
ಗೋಡೆಯ ಮಾತು ಬಂದದ್ದಕ್ಕೆ ಒಂದು ಕಥೆ. ಲೈಸೋಸೋಮ್ ಅನ್ನು ಮೊದಲು ಯಾರೂ ಕಣ್ಣಲ್ಲಿ ನೋಡಿ ಹುಡುಕಲಿಲ್ಲ. ಲೆಕ್ಕ ತಾಳೆಯಾಗದೆ ಸಿಕ್ಕಿದ್ದು ಅದು.

ಬೆಲ್ಜಿಯಂನ ಕ್ರಿಸ್ಟಿಯಾನ್ ಡಿ ಡ್ಯೂವ್ 1949ರಲ್ಲಿ ಇಲಿಯ ಯಕೃತ್ತನ್ನು ಅರೆದು, ಇನ್ಸುಲಿನ್‌ಗೆ ಸಂಬಂಧಪಟ್ಟ ಬೇರೊಂದು ಕಿಣ್ವದ ಹಿಂದೆ ಬಿದ್ದಿದ್ದರು. ಹೋಲಿಕೆಗೆ ಇರಲಿ ಅಂತ ಆಸಿಡ್ ಫಾಸ್ಫಟೇಸ್ ಅನ್ನೋ ಇನ್ನೊಂದು ಕಿಣ್ವವನ್ನೂ ಅಳೆಯುತ್ತಿದ್ದರು. ಒಂದು ಸಲ ಅದರ ಚಟುವಟಿಕೆ ನಿರೀಕ್ಷೆಯ ಹತ್ತರಲ್ಲಿ ಒಂದು ಪಾಲು ಮಾತ್ರ ಬಂತು. ಎಲ್ಲೋ ತಪ್ಪಾಗಿದೆ ಅಂತ ಫ್ರಿಜ್‌ನಲ್ಲಿಟ್ಟು ಹೋದರು. ಐದು ದಿನ ಬಿಟ್ಟು ಅದನ್ನೇ ಅಳೆದರೆ ಚಟುವಟಿಕೆ ಏರಿಬಿಟ್ಟಿದೆ! ಹಳಸಿದ ಮೇಲೆ ಕಿಣ್ವ ಚುರುಕಾಗೋದುಂಟೆ?

ಬೇರೆಯವರಾಗಿದ್ದರೆ ಸಿಂಕಿಗೆ ಸುರಿದು ಮತ್ತೆ ಶುರು ಮಾಡ್ತಿದ್ರು. ಇವರು ಬೇರೆ ರೀತಿ ಯೋಚಿಸಿದರು. ಕಿಣ್ವ ಮೊದಲೂ ಅಷ್ಟೇ ಇತ್ತು, ಆದರೆ ಯಾವುದೋ ಚೀಲದೊಳಗೆ ಕಟ್ಟಿಟ್ಟಿತ್ತು. ಅಳೆಯೋಕೆ ಹಾಕಿದ ರಾಸಾಯನಿಕ ಒಳಗೆ ಹೋಗಲಿಲ್ಲ. ಫ್ರಿಜ್‌ನಲ್ಲಿದ್ದ ಐದು ದಿನದಲ್ಲಿ ಚೀಲ ಬಿರುಕು ಬಿಟ್ಟಿತು. 1955ರಲ್ಲಿ ಅದಕ್ಕೆ ಲೈಸೋಸೋಮ್ ಅಂತ ಹೆಸರಿಟ್ಟರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಚಿತ್ರ ಸಿಕ್ಕಿದ್ದು ಲೆಕ್ಕ ಮುಗಿದ ಮೇಲೆ. 1974ರ ನೊಬೆಲ್ ಆಲ್ಬರ್ಟ್ ಕ್ಲಾಡ್, ಜಾರ್ಜ್ ಪಲಾಡೆ ಜೊತೆ ಇವರಿಗೂ ಬಂತು.

ಬಿಎಸ್ಸಿ_ಹುಡುಗ
ಇದು ಗೊತ್ತೇ ಇರಲಿಲ್ಲ! ನಮ್ಮ ನೋಟ್ಸ್‌ನಲ್ಲಿ "ಡಿ ಡ್ಯೂವ್ 1955" ಅಂತ ಒಂದು ಸಾಲು, ಅಷ್ಟೇ.

ನಂಬದವ
ನನ್ನ ಹೆಸರಿಗೆ ತಕ್ಕ ಹಾಗೆ ಇನ್ನೊಂದು ಹೇಳ್ತೀನಿ. ಕ್ಯಾಮಿಲ್ಲೊ ಗಾಲ್ಗಿ 1898ರಲ್ಲಿ ಗೂಬೆಯ ಮಿದುಳಿನ ನರಕೋಶಕ್ಕೆ ಬೆಳ್ಳಿಯ ಲವಣ ಹಾಕಿ ಬಣ್ಣ ಕಟ್ಟಿಸಿದಾಗ ಒಳಗೊಂದು ಬಲೆ ಕಾಣಿಸಿತು, ಈಗ ಗಾಲ್ಗಿ ಅನ್ನೋದು ಅದನ್ನೇ. ಆಮೇಲೆ ಸುಮಾರು ಅರ್ಧ ಶತಮಾನ ಜಗಳ. ಅದು ನಿಜವಾದ ಅಂಗವಲ್ಲ, ನಿಮ್ಮ ಬೆಳ್ಳಿ ಮಾಡಿದ ಕಲೆ ಅಂತ ಎಷ್ಟೋ ಜನ ವಾದಿಸಿದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದು ಒಂದರ ಮೇಲೊಂದು ಪೇರಿಸಿದ ಚಪ್ಪಟೆ ಚೀಲಗಳನ್ನು ತೋರಿಸಿದ ಮೇಲೆ ಬಾಯಿ ಮುಚ್ಚಿದರು.

ಅನುಮಾನ ಪಟ್ಟವರು ದಡ್ಡರು ಅಂತ ಅನ್ನಬೇಡಿ. ಬ್ಯಾಕ್ಟೀರಿಯಾದಲ್ಲಿ ಮೀಸೋಸೋಮ್ ಅನ್ನೋ ಪೊರೆಯ ಮಡಿಕೆ ಇದೆ, ಉಸಿರಾಟಕ್ಕೆ ಸಹಾಯ ಮಾಡುತ್ತೆ ಅಂತ ಅದೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿತ್ತು. 1970ರ ದಶಕದಲ್ಲಿ ಕೋಶವನ್ನು ರಾಸಾಯನಿಕದಲ್ಲಿ ಅದ್ದೋ ಬದಲು ಥಟ್ಟನೆ ಹೆಪ್ಪುಗಟ್ಟಿಸಿ ನೋಡಿದಾಗ ಅದು ಮಾಯ! ರಾಸಾಯನಿಕದ ಏಟಿಗೆ ಪೊರೆ ಮುದುಡಿದ್ದನ್ನೇ ಅಂಗ ಅಂದುಕೊಂಡಿದ್ದರು. ಕೆಲವು ಪಠ್ಯಗಳಲ್ಲಿ ಮೀಸೋಸೋಮ್ ಇನ್ನೂ ಆರಾಮಾಗಿ ಕೂತಿದೆ.

ಹಳೇಮೇಷ್ಟ್ರು
ಅಯ್ಯೋ, ನಾನೂ ಮೀಸೋಸೋಮ್ ಚಿತ್ರ ಬರೆಸಿ ಭಾಗಗಳನ್ನು ಗುರುತಿಸಿ ಅಂತ ಎರಡು ಅಂಕಕ್ಕೆ ಕೊಡುತ್ತಿದ್ದೆ.

ಸುಮ್ನೆ_ಓದ್ತೀನಿ
ಯಾವತ್ತೂ ಬರೆಯದವಳು ಇವತ್ತು ಬರೀತಿದೀನಿ. ಲೈಸೋಸೋಮ್ ಒಳಗಿನ ಕಿಣ್ವ ಅಲ್ಲಿಗೆ ಹೋಗೋದು ಹೇಗೆ? ಅದನ್ನು ತಯಾರು ಮಾಡೋ ಜಾಗದಲ್ಲೇ ಎಲ್ಲವನ್ನೂ ತಿಂದುಬಿಡಬೇಕಿತ್ತಲ್ವಾ?

ಲ್ಯಾಬ್‌ಕೋಟು
ಬರೆದದ್ದು ಒಳ್ಳೇದಾಯ್ತು. ಈ ಪ್ರಶ್ನೆ ಹಿಡಿದುಕೊಂಡು ಹೋದರೆ ಅರ್ಧ ಪಾಠ ತಾನಾಗಿ ಬಿಚ್ಚಿಕೊಳ್ಳುತ್ತೆ.

ಕೋಶಕೇಂದ್ರದಲ್ಲಿರೋ ಡಿಎನ್‌ಎಯಿಂದ ಆ ಕಿಣ್ವದ ಬರಹದ ನಕಲು ಆರ್‌ಎನ್‌ಎ ರೂಪದಲ್ಲಿ ರಂಧ್ರ ದಾಟಿ ಹೊರಗೆ ಬರುತ್ತೆ. ರೈಬೋಸೋಮ್ ಅದನ್ನು ಓದಿ ಅಮೈನೋ ಆಮ್ಲಗಳನ್ನು ಪೋಣಿಸೋಕೆ ಶುರು ಮಾಡುತ್ತೆ. ಸರಪಳಿಯ ಮೊದಲ ತುದಿಯೇ ಒಂದು ವಿಳಾಸ. ಇದನ್ನು ಕಂಡುಕೊಂಡ ಗುಂಟರ್ ಬ್ಲೋಬೆಲ್‌ಗೆ 1999ರ ನೊಬೆಲ್ ಬಂತು. ಆ ವಿಳಾಸ ಕಂಡ ತಕ್ಷಣ ಪೋಣಿಸೋ ಕೆಲಸ ಅರೆಕ್ಷಣ ನಿಲ್ಲುತ್ತೆ, ರೈಬೋಸೋಮ್ ಸಮೇತ ಅದನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಕೋಶದೊಳಗಿನ ಪೊರೆಗಳ ಜಾಲ) ಅನ್ನೋದರ ಪೊರೆಗೆ ತಂದು ಕೂರಿಸಲಾಗುತ್ತೆ, ಮಿಕ್ಕ ಸರಪಳಿ ನೇರ ಒಳಗೆ ಇಳಿಯುತ್ತೆ. ಒರಟು ಜಾಲ ಅಂತೀವಲ್ಲ, ಆ ಒರಟುತನ ಅಂದ್ರೆ ಹೀಗೆ ಬಂದು ಕೂತ ರೈಬೋಸೋಮ್‌ಗಳೇ. ಕಾಯಂ ಆಗಿ ಅಂಟಿಸಿದ್ದಲ್ಲ, ಕೆಲಸ ಮುಗಿದರೆ ಎದ್ದುಹೋಗ್ತವೆ.

ಒಳಗೆ ಸರಪಳಿ ಮಡಿಚಿಕೊಳ್ಳುತ್ತೆ, ಸಕ್ಕರೆಯ ಕೊಂಬೆ ಅಂಟುತ್ತೆ. ಅಲ್ಲಿಂದ ಸಣ್ಣ ಗುಳ್ಳೆಯಲ್ಲಿ ಗಾಲ್ಗಿಗೆ ಪ್ರಯಾಣ. ಗಾಲ್ಗಿಯಲ್ಲಿ ಆ ಸಕ್ಕರೆಯ ಒಂದು ತುದಿಗೆ ಫಾಸ್ಫೇಟ್ ಸೇರಿಸ್ತಾರೆ: ಮ್ಯಾನೋಸ್-6-ಫಾಸ್ಫೇಟ್. "ಲೈಸೋಸೋಮ್‌ಗೆ ಕಳಿಸಿ" ಅನ್ನೋ ಮುದ್ರೆ ಅದು. ಈ ಪ್ರಯಾಣದ ಉದ್ದಕ್ಕೂ ಆಮ್ಲ ಸಾಲದು, ಜೊತೆಗೆ ಎಷ್ಟೋ ಕಿಣ್ವಗಳು ಬಾಯಿಗೆ ಕುಕ್ಕೆ ಕಟ್ಟಿದ ಎತ್ತಿನ ಹಾಗೆ ನಿಷ್ಕ್ರಿಯ ರೂಪದಲ್ಲೇ ಇರ್ತವೆ. ಲೈಸೋಸೋಮ್ ಒಳಗೆ ಹೋದ ಮೇಲೆ ಒಂದು ತುಂಡು ಕತ್ತರಿಸಿಹೋಗಿ ಕುಕ್ಕೆ ಬಿಚ್ಚುತ್ತೆ.

ಮುದ್ರೆ ಒತ್ತೋ ಕಿಣ್ವವೇ ಹುಟ್ಟಿನಿಂದ ಇಲ್ಲದ ಮಕ್ಕಳಿದ್ದಾರೆ. ಐ-ಸೆಲ್ ಕಾಯಿಲೆ ಅಂತಾರೆ. ಕಿಣ್ವಗಳು ತಯಾರಾಗ್ತವೆ, ಆದರೆ ವಿಳಾಸ ಇಲ್ಲದ ಕಾಗದದ ಹಾಗೆ ಕೋಶದ ಹೊರಗೆ, ರಕ್ತಕ್ಕೆ ಹೋಗಿಬಿಡ್ತವೆ. ಲೈಸೋಸೋಮ್‌ಗಳು ಒಡೆಯಲಾಗದ ಕಸ ತುಂಬಿಕೊಂಡು ಊದಿಕೊಳ್ತವೆ. ಬಹಳ ಕಠಿಣವಾದ ಕಾಯಿಲೆ ಅದು.

ಬಿಎಸ್ಸಿ_ಹುಡುಗ
ಒಂದು ಡೌಟು. ರೈಬೋಸೋಮ್‌ಗೆ ಪೊರೆ ಇಲ್ಲ. ಅದು ಕಣದಂಗ ಹೌದೋ ಅಲ್ವೋ? ನಮ್ಮ ಇಬ್ಬರು ಲೆಕ್ಚರರ್ ಎರಡು ರೀತಿ ಹೇಳ್ತಾರೆ.

ನಂಬದವ
ಪೊರೆ ಇದ್ದರೆ ಮಾತ್ರ ಅಂದರೆ ಅಲ್ಲ. ನಿರ್ದಿಷ್ಟ ರಚನೆ, ನಿರ್ದಿಷ್ಟ ಕೆಲಸ ಅಂದರೆ ಹೌದು. ಪರೀಕ್ಷೆಯಲ್ಲಿ ಪೇಪರ್ ತಿದ್ದೋ ಲೆಕ್ಚರರ್ ಹೇಳಿದ್ದನ್ನ ಬರೀರಿ.

ಲ್ಯಾಬ್‌ಕೋಟು
ಹ್ಹಹ್ಹ. ಕೋಶಕೇಂದ್ರದೊಳಗಿನ ನ್ಯೂಕ್ಲಿಯೋಲಸ್‌ಗೂ ಪೊರೆ ಇಲ್ಲ, ಆದರೂ ಬೇರೆಯಾಗೇ ನಿಂತಿರುತ್ತೆ, ನೀರಿನಲ್ಲಿ ಎಣ್ಣೆಯ ಹನಿ ನಿಂತ ಹಾಗೆ. ಇಂಥ ಪೊರೆಯಿಲ್ಲದ ಹನಿಗಳ ಮೇಲೆ 2009ರಿಂದ ಈಚೆಗೆ ಕೆಲಸ ಭರದಿಂದ ಸಾಗಿದೆ. ಗೋಡೆಯೇ ಪಾಠದ ಜೀವ ಅಂತ ಮೇಲೆ ಬರೆದೆನಲ್ಲ, ಗೋಡೆ ಇಲ್ಲದೆಯೂ ಕೋಣೆ ಮಾಡಬಹುದು ಅಂತ ತಿದ್ದಿಕೊಳ್ತೀನಿ.

ಮಗಳ_ಹೋಂವರ್ಕ್
ನಾನು ನಿಧಾನಕ್ಕೆ ಹಿಂದೆ ಹಿಂದೆ ಬರ್ತಿದೀನಿ. ಮೈಟೊಕಾಂಡ್ರಿಯಕ್ಕೆ ಎರಡು ಪೊರೆ ಯಾಕೆ ಅಂತ ಯಾರೂ ಕೇಳಲ್ಲ ಅಂದ್ರಲ್ಲ ಮೇಡಂ. ಈಗ ನಾನೇ ಕೇಳ್ತಿದೀನಿ.

ಲ್ಯಾಬ್‌ಕೋಟು
ಎರಡು ಉತ್ತರ ಇವೆ. ಹೇಗೆ ಬಂತು ಅನ್ನೋದೊಂದು, ಏನು ಉಪಯೋಗ ಅನ್ನೋದೊಂದು.

ಉಪಯೋಗ ಮೊದಲು. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಒಳಪೊರೆಯ ಪ್ರೋಟೀನುಗಳ ಸಾಲಿನಲ್ಲಿ ಕೈಯಿಂದ ಕೈಗೆ ದಾಟ್ತಾ ಕೊನೆಗೆ ಆಮ್ಲಜನಕಕ್ಕೆ ಸೇರುತ್ತವೆ. ಆ ದಾಟುವಿಕೆಯ ಶಕ್ತಿಯಿಂದ ಹೈಡ್ರೋಜನ್ ಅಯಾನುಗಳನ್ನು ಎರಡು ಪೊರೆಗಳ ನಡುವಿನ ಕಿರಿದಾದ ಜಾಗಕ್ಕೆ ತಳ್ಳಲಾಗುತ್ತೆ. ಅಣೆಕಟ್ಟಿನ ಹಿಂದೆ ನೀರು ನಿಂತ ಹಾಗೆ ಅಲ್ಲಿ ಒತ್ತಡ ಏರುತ್ತೆ. ವಾಪಸ್ ಬರೋಕೆ ಮುಖ್ಯ ದಾರಿ ಎಟಿಪಿ ಸಿಂಥೇಸ್ ಅನ್ನೋ ಕಿಣ್ವ. ಅಯಾನು ನುಗ್ಗಿದಾಗ ಅದು ನಿಜಕ್ಕೂ ಗಿರಗಿರ ತಿರುಗುತ್ತೆ, ಹೋಲಿಕೆಯ ಮಾತಲ್ಲ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ತಿರುಗೋ ಭಾಗಕ್ಕೆ ಹೊಳೆಯೋ ಎಳೆಯೊಂದನ್ನು ಅಂಟಿಸಿ, ಎಟಿಪಿ ಕೊಟ್ಟು ಹಿಮ್ಮುಖ ಓಡಿಸಿ, ಸೂಕ್ಷ್ಮದರ್ಶಕದಲ್ಲಿ ತಿರುಗೋದನ್ನು ಚಿತ್ರೀಕರಿಸಿದರು. ಒಂದು ಸಲ ಸುತ್ತಿದರೆ ಮೂರು ಎಟಿಪಿ.

ಒಂದು ಗುಣಾಕಾರ ಮಾಡಿ ನೋಡಿ. ಒಳಪೊರೆಯ ಎರಡು ಬದಿಗಳ ನಡುವೆ ಸುಮಾರು 150 ಮಿಲಿವೋಲ್ಟ್ ವ್ಯತ್ಯಾಸ. ಏನೇನೂ ಅಲ್ಲ. ಆದರೆ ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್. ಭಾಗಿಸಿದರೆ ಮೀಟರಿಗೆ 3 ಕೋಟಿ ವೋಲ್ಟ್! ಹಾಗಾಗಿ ಈ ಪೊರೆ ಒಂಚೂರೂ ಸೋರಬಾರದು. ಪೊರೆಯ ಮಡಿಕೆಗಳು ಜಾಗ ಹೆಚ್ಚಿಸೋದಕ್ಕೆ, ಅಷ್ಟು ಪುಸ್ತಕದಲ್ಲಿದೆ.

ಪೊರೆಯೇ ಇಂಥ ಅಣೆಕಟ್ಟು ಅಂತ 1961ರಲ್ಲಿ ಪೀಟರ್ ಮಿಚೆಲ್ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. 1978ರಲ್ಲಿ ನೊಬೆಲ್ ಬಂತು.

ನಂಬದವ
ಹೇಗೆ ಬಂತು ಅನ್ನೋ ಭಾಗ ನನಗೆ ಬಿಡಿ. ಮೈಟೊಕಾಂಡ್ರಿಯ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ. ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಇನ್ನೊಂದು ಕೋಶದೊಳಗೆ ಸೇರಿಕೊಂಡು ಅಲ್ಲೇ ಬಿಡಾರ ಹೂಡಿತು. ಲಿನ್ ಮಾರ್ಗುಲಿಸ್ ಇದನ್ನು ವಿವರವಾಗಿ ಬರೆದ ಲೇಖನವನ್ನು ಹತ್ತಾರು ಪತ್ರಿಕೆಗಳು ತಿರಸ್ಕರಿಸಿ ಕೊನೆಗೆ 1967ರಲ್ಲಿ ಅಚ್ಚಾಯಿತು.

ಈ ವಿಷಯದಲ್ಲಿ ನಾನೂ ನಂಬದೆ ವಿಧಿಯಿಲ್ಲ, ಸಾಕ್ಷ್ಯ ಅಷ್ಟಿದೆ. ಅದಕ್ಕೆ ತನ್ನದೇ ಡಿಎನ್‌ಎ ಇದೆ, ಉಂಗುರದಾಕಾರದ್ದು. ಮನುಷ್ಯರಲ್ಲಿ 16,569 ಅಕ್ಷರ, 37 ಜೀನ್. ಅದರಲ್ಲಿ ಪ್ರೋಟೀನು ಮಾಡೋವು 13 ಮಾತ್ರ. ಮಿಕ್ಕ ನೂರಾರು ಜೀನುಗಳು ಕಾಲಕ್ರಮದಲ್ಲಿ ಕೋಶಕೇಂದ್ರಕ್ಕೆ ವರ್ಗವಾದವು. ತನ್ನದೇ ರೈಬೋಸೋಮ್ ಕೂಡ ಇದೆ, ಬ್ಯಾಕ್ಟೀರಿಯಾದ ವಂಶದ್ದು. ಕ್ಲೋರಾಂಫೆನಿಕಾಲ್ ಅನ್ನೋ ಆಂಟಿಬಯಾಟಿಕ್ ಬ್ಯಾಕ್ಟೀರಿಯಾದ ರೈಬೋಸೋಮನ್ನು ಕಟ್ಟಿಹಾಕುತ್ತೆ, ಹೆಚ್ಚು ಪ್ರಮಾಣದಲ್ಲಿ ತಗೊಂಡ್ರೆ ನಮ್ಮ ಮೈಟೊಕಾಂಡ್ರಿಯದ್ದನ್ನೂ ಹಿಡಿಯುತ್ತೆ, ಅಸ್ಥಿಮಜ್ಜೆ ಸೊರಗುತ್ತೆ. ಔಷಧಕ್ಕೆ ಗೊತ್ತು ಯಾರು ಯಾರ ನೆಂಟರು ಅಂತ.

ಗಿಡಗಳ ಹರಿತ್ತುಕಣವೂ (ಕ್ಲೋರೋಪ್ಲಾಸ್ಟ್) ಹೀಗೆಯೇ, ಅದರ ಪೂರ್ವಜ ಸಯನೋಬ್ಯಾಕ್ಟೀರಿಯಾ.

ಹಳೇಮೇಷ್ಟ್ರು
ಗಿಡದ ಮಾತು ಬಂದದ್ದರಿಂದ, ಮಗಳಿಗೆ ಇದೊಂದನ್ನು ಹೇಳಿ. ಹರಿತ್ತುಕಣ ಇರುವುದರಿಂದ ಗಿಡಕ್ಕೆ ಮೈಟೊಕಾಂಡ್ರಿಯ ಬೇಡ ಎಂದು ಪ್ರತಿ ವರ್ಷ ಅರ್ಧ ತರಗತಿ ಬರೆಯುತ್ತದೆ. ಹರಿತ್ತುಕಣ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯನ್ನು ಎಲೆ, ಬೇರು, ಮೊಳಕೆ ಬಳಸಿಕೊಳ್ಳಲು ಮೈಟೊಕಾಂಡ್ರಿಯ ಬೇಕೇ ಬೇಕು. ಬೇರಿಗೆ ಬಿಸಿಲೆಲ್ಲಿ?

ಬಿಎಸ್ಸಿ_ಹುಡುಗ
ಮೈಟೊಕಾಂಡ್ರಿಯ ಇಲ್ಲದ ಕೋಶ ಅಂದ್ರೆ ನಮ್ಮ ಕೆಂಪು ರಕ್ತಕಣ ಅಲ್ವಾ? ಕೋಶಕೇಂದ್ರವೂ ಇಲ್ಲ.

ಲ್ಯಾಬ್‌ಕೋಟು
ಹೌದು, ಬಲಿತ ಮೇಲೆ ಎರಡನ್ನೂ ಕಳೆದುಕೊಳ್ಳುತ್ತೆ. ಊರಿಗೆಲ್ಲ ಆಮ್ಲಜನಕ ಹೊತ್ತು ಹಂಚುತ್ತೆ, ತಾನು ಮಾತ್ರ ಅದನ್ನು ಮುಟ್ಟಲ್ಲ. ಸುಮಾರು 120 ದಿನ ಬದುಕುತ್ತೆ, ಕೋಶಕೇಂದ್ರ ಇಲ್ಲದ್ದರಿಂದ ಹೊಸ ಭಾಗ ಮಾಡಿಕೊಳ್ಳೋ ಹಾಗಿಲ್ಲ. ಹಕ್ಕಿಗಳ ಕೆಂಪುಕಣದಲ್ಲಿ ಕೋಶಕೇಂದ್ರ ಇರುತ್ತೆ, ಸಸ್ತನಿಗಳಲ್ಲಿ ಇಲ್ಲ.

ಇನ್ನೊಂದು, ಮೈಟೊಕಾಂಡ್ರಿಯ ಅಂದ್ರೆ ಅವರೆಕಾಳಿನ ಆಕಾರ ಅಂತ ಚಿತ್ರ ಬರೀತೀವಲ್ಲ, ಅದು ಕತ್ತರಿಸಿ ನೋಡಿದ್ದರ ಫಲ. ಸಿಕ್ಕುಸಿಕ್ಕಾದ ಹಗ್ಗದ ಉಂಡೆಯನ್ನು ಚಾಕುವಿನಿಂದ ಸೀಳಿದರೆ ಸೀಳಿದ ಮೇಲ್ಮೈಯಲ್ಲಿ ದುಂಡು ದುಂಡು ತುಣುಕೇ ಕಾಣೋದು. ಬದುಕಿರೋ ಕೋಶದಲ್ಲಿ ಎಷ್ಟೋ ಸಲ ಅದು ಉದ್ದುದ್ದ ಎಳೆಗಳ ಬಲೆ. ಕೂಡುತ್ತೆ, ತುಂಡಾಗುತ್ತೆ, ಮತ್ತೆ ಕೂಡುತ್ತೆ. 1898ರಲ್ಲಿ ಹೆಸರಿಟ್ಟ ಕಾರ್ಲ್ ಬೆಂಡಾ ಗ್ರೀಕಿನ "ಎಳೆ" ಮತ್ತು "ಕಾಳು" ಎರಡು ಪದ ಸೇರಿಸಿದ್ದರು. ನಾವು ಕಾಳನ್ನು ಉಳಿಸಿಕೊಂಡು ಎಳೆಯನ್ನು ಮರೆತ್ವಿ.

ಸುಮ್ನೆ_ಓದ್ತೀನಿ
ನಾನೀಗ ನನ್ನ ಹೆಸರು ಬದಲಾಯಿಸಬೇಕು ಅನ್ಸುತ್ತೆ. ಗಿಡದಲ್ಲಿ ಲೈಸೋಸೋಮ್ ಕೆಲಸ ಯಾರು ಮಾಡ್ತಾರೆ?

ಹಳೇಮೇಷ್ಟ್ರು
ಬಹುಪಾಲು ರಸದಾನಿಯೇ, ಅಂದರೆ ವ್ಯಾಕ್ಯೂಲ್ ಎನ್ನುವ ದೊಡ್ಡ ಚೀಲ. ಬಲಿತ ಸಸ್ಯಕೋಶದ ಶೇಕಡಾ 90ರವರೆಗೂ ಅದೇ ತುಂಬಿರಬಹುದು. ಅದರೊಳಗೂ ಆಮ್ಲ, ಜೀರ್ಣಕಾರಿ ಕಿಣ್ವ ಇವೆ. ನೀರಿನ ಟ್ಯಾಂಕು, ಉಗ್ರಾಣ, ತಿಪ್ಪೆ ಮೂರೂ ಅದೇ. ನೀರಿಲ್ಲದೆ ಗಿಡ ಬಾಡುವುದು ಅಂದರೆ ರಸದಾನಿ ಕುಗ್ಗಿ ಕೋಶಭಿತ್ತಿಯ ಮೇಲಿನ ಒತ್ತಡ ಸಡಿಲಾಗುವುದು.

ಮಗಳ_ಹೋಂವರ್ಕ್
ಎಲ್ಲವನ್ನೂ ಅವಳಿಗೆ ಓದಿ ಹೇಳಿದೆ. ಅಣೆಕಟ್ಟಿನ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾಳೆ. ಮಲಗೋಕೆ ಹೋದವಳು ವಾಪಸ್ ಬಂದು ಇನ್ನೊಂದು ಕೇಳಿದ್ಲು. ಇದೇ ಕೊನೇದು, ಬೈಬೇಡಿ: "ಲೈಸೋಸೋಮ್ ಎಲ್ಲಾ ಹಳೇದನ್ನೂ ತಿನ್ನುತ್ತೆ. ಲೈಸೋಸೋಮೇ ಹಳೇದಾಗಿ ಹರಿದುಹೋದ್ರೆ ಅದನ್ನ ಯಾರು ತಿಂತಾರೆ?"

ಲ್ಯಾಬ್‌ಕೋಟು
ಈ ಹುಡುಗಿಯನ್ನ ಯಾರಾದರೂ ಬೇಗ ಲ್ಯಾಬಿಗೆ ಕಳಿಸಿ ಮಾರಾಯ್ರೆ.

ಮೇಲೆ ಒಳಗೋಡೆಗೆ ಸಕ್ಕರೆಯ ಹೊದಿಕೆ ಇದೆ ಅಂದೆನಲ್ಲ. ಆ ಸಕ್ಕರೆ ಇರೋದು ಒಳಗಡೆ ಮಾತ್ರ, ಚೀಲ ನೆಟ್ಟಗಿದ್ದರೆ ಕೋಶರಸಕ್ಕೆ ಅದು ಕಾಣೋದೇ ಇಲ್ಲ. ಚೀಲ ಹರಿದರೆ ಮೊದಲ ಸಲ ಬಯಲಾಗುತ್ತೆ. ಗ್ಯಾಲೆಕ್ಟಿನ್ ಅನ್ನೋ ಪ್ರೋಟೀನುಗಳು ಕೋಶರಸದಲ್ಲಿ ಓಡಾಡ್ಕೊಂಡು ಇರ್ತವೆ, ಅವು ಹಿಡಿಯೋದು ಇಂಥ ಸಕ್ಕರೆಯನ್ನೇ. ಸಣ್ಣ ಹರಕಾದರೆ ಹೊಲಿಗೆ ಹಾಕೋ ಪ್ರೋಟೀನುಗಳು ಬಂದು ಮುಚ್ಚುತ್ತವೆ. ದೊಡ್ಡದಾದರೆ ಗ್ಯಾಲೆಕ್ಟಿನ್ ಬಂದು ಅಂಟಿಕೊಳ್ಳುತ್ತೆ, ಆಮೇಲೆ ಯುಬಿಕ್ವಿಟಿನ್ ಅನ್ನೋ "ತೆಗೆದುಹಾಕಿ" ಚೀಟಿ ಬೀಳುತ್ತೆ, ಸುತ್ತಲೂ ಎರಡು ಪದರದ ಹೊಸ ಪೊರೆ ಬೆಳೆದು ಇಡೀ ಚೀಲವನ್ನು ನುಂಗಿ ಗಂಟು ಕಟ್ಟುತ್ತೆ. ಹೀಗೆ ಕೋಶ ತನ್ನದೇ ಭಾಗಗಳನ್ನು ಗಂಟು ಕಟ್ಟಿ ಅರಗಿಸೋ ದಾರಿಯನ್ನು ಬಿಡಿಸಿಟ್ಟದ್ದಕ್ಕೇ ಯೋಶಿನೋರಿ ಓಸುಮಿಗೆ 2016ರ ನೊಬೆಲ್ ಬಂದಿದ್ದು.

ಮಗಳ_ಹೋಂವರ್ಕ್
ಗಂಟು ಕಟ್ಟಿ ಎಲ್ಲಿಗೆ ಕಳಿಸುತ್ತೆ ಅಂತ ಕೇಳ್ತಿದಾಳೆ.

ಲ್ಯಾಬ್‌ಕೋಟು
ಪಕ್ಕದ ಲೈಸೋಸೋಮ್‌ಗೆ.